ಗ್ರೀನ್ ಅಂಚಿನಲ್ಲಿ ಕೈಕೊಡುವ ಚಿಪ್

ಪ್ರಶ್ನೆ: ಗಾಲ್ಫ್‌ನಲ್ಲಿ ದೂರದ ಹೊಡೆತಗಳು ನನಗೆ ತಕ್ಕಮಟ್ಟಿಗೆ ಒಗ್ಗಿವೆ. ಆದರೆ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿನ) ಅಂಚಿನಿಂದ ಚಿಪ್ ಮಾಡುವಾಗ, ಅಂದರೆ ಚೆಂಡನ್ನು ತುಸು ಹಾರಿಸಿ ಉರುಳಿಸುವ ಗಿಡ್ಡ ಹೊಡೆತದಲ್ಲಿ, ಒಮ್ಮೆ ಕ್ಲಬ್ ಚೆಂಡಿನ ಹಿಂದಿನ ನೆಲಕ್ಕೆ ಬಡಿದು ಚೆಂಡು ಅಲ್ಲೇ ಉಳಿಯುತ್ತದೆ, ಇನ್ನೊಮ್ಮೆ ಚೆಂಡಿನ ನಡುಭಾಗಕ್ಕೆ ತಾಗಿ ಅದು ಗ್ರೀನ್ ದಾಟಿ ಓಡುತ್ತದೆ. ಈ ಎರಡು ತಪ್ಪುಗಳನ್ನು ತಿದ್ದಿಕೊಳ್ಳುವುದು ಹೇಗೆ?

ಉತ್ತರ: ನೀವು ಎರಡೆಂದು ಎಣಿಸಿರುವ ತಪ್ಪುಗಳಿಗೆ ಮೂಲ ಒಂದೇ, ಚೆಂಡನ್ನು ಮೇಲಕ್ಕೆತ್ತಬೇಕೆಂಬ ಆತುರ. ಹಾಗೆ ಎತ್ತಲು ಹೊರಟಾಗ ಮೈಭಾರ ಹಿಂಗಾಲಿಗೆ ಸರಿಯುತ್ತದೆ, ಬೀಸಿನ ಅತಿ ತಗ್ಗಿನ ಬಿಂದು ಚೆಂಡಿಗಿಂತ ಹಿಂದೆ ಬೀಳುತ್ತದೆ. ಅದರಿಂದ ಕ್ಲಬ್ ಮೊದಲು ನೆಲವನ್ನು ಅಗೆಯುತ್ತದೆ, ಇಲ್ಲವೇ ನೆಲ ತಪ್ಪಿಸಿಕೊಂಡು ಮೇಲೇರುತ್ತಾ ಚೆಂಡಿನ ಹೊಟ್ಟೆಗೆ ತಾಗುತ್ತದೆ. ವೆಜ್ ಎಂದರೆ ಗಿಡ್ಡ ಹೊಡೆತಗಳಿಗೆ ಬಳಸುವ, ಮುಖ ಹೆಚ್ಚು ಓರೆಯಾಗಿರುವ ಕ್ಲಬ್. ಪಿಚಿಂಗ್ ವೆಜ್‌ನ ಮುಖಕ್ಕೆ ಸುಮಾರು 46 ಡಿಗ್ರಿ, ಸ್ಯಾಂಡ್ ವೆಜ್‌ಗೆ ಸುಮಾರು 56 ಡಿಗ್ರಿ ಓರೆ ಕೊಟ್ಟಿರುವುದೇ ಚೆಂಡನ್ನು ಎತ್ತುವ ಸಲುವಾಗಿ. ಆ ಕೆಲಸವನ್ನು ಕ್ಲಬ್ಬಿಗೇ ಬಿಡಿ.

ಕಾಲುಗಳನ್ನು ಹತ್ತಿರ ತಂದು, ಮೈಭಾರದ ಹತ್ತರಲ್ಲಿ ಆರೇಳು ಪಾಲನ್ನು ಗುರಿಯ ಕಡೆಯ ಕಾಲಿನ ಮೇಲೆ ಹೊರಿಸಿ, ಹೊಡೆತ ಮುಗಿಯುವವರೆಗೂ ಅದನ್ನು ಅಲ್ಲಿಂದ ಕದಲಿಸಬೇಡಿ. ಚೆಂಡು ನಿಲುವಿನ ನಡುವೆ ಅಥವಾ ತುಸು ಹಿಂದಿರಲಿ, ಕೈಗಳು ಚೆಂಡಿಗಿಂತ ಕೊಂಚ ಮುಂದಿರಲಿ. ಕೊಂಚ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಸಲಹೆಯನ್ನು ಅತಿರೇಕಕ್ಕೆ ಒಯ್ದು ಹಿಡಿಕೆಯನ್ನು ತೀರಾ ಮುಂದಕ್ಕೆ ವಾಲಿಸುವವರೇ ಬಹಳ. ಆಗ ಬೌನ್ಸ್ ಎಂದು ಕರೆಯುವ ತಳದ ಉಬ್ಬು ಹುಲ್ಲಿನ ಮೇಲೆ ಜಾರದೆ, ಕ್ಲಬ್‌ನ ಮುಂದಿನ ಅಂಚು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಬೀಸನ್ನು ಉದ್ದವಾಗಿ ಎಳೆದು ಚೆಂಡಿನ ಬಳಿ ವೇಗ ಕುಗ್ಗಿಸುವ ಅಭ್ಯಾಸವೂ ಇದ್ದರೆ, ಬೀಸನ್ನೇ ಮೊಟಕುಗೊಳಿಸಿ. ಅಭ್ಯಾಸದ ವೇಳೆ ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ಟವೆಲ್ ಹಾಸಿ, ಅದಕ್ಕೆ ತಾಗದಂತೆ ಹೊಡೆಯಿರಿ. ಮೈಭಾರ ಹಿಂದೆ ಸರಿದಾಗಲೆಲ್ಲ ಟವೆಲ್ ಚಾಡಿ ಹೇಳುತ್ತದೆ.

ಪ್ರಶ್ನೆ: ಎಲ್ಲ ಚಿಪ್‌ಗಳಿಗೂ ಸ್ಯಾಂಡ್ ವೆಜ್ ಒಂದನ್ನೇ ಬಳಸಬಹುದೇ?

ಉತ್ತರ: ಬಳಸುವವರಿದ್ದಾರೆ, ಆದರೆ ಕಲಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಚೆಂಡು ಗ್ರೀನ್‌ನ ಒಳಗೆ ಒಂದೆರಡು ಹೆಜ್ಜೆಯಷ್ಟರಲ್ಲಿ ಇಳಿದು ಉಳಿದ ದೂರವನ್ನು ಉರುಳಿಯೇ ಕ್ರಮಿಸಲಿ. ಸಮತಟ್ಟಾದ ಗ್ರೀನ್‌ನಲ್ಲಿ ಸ್ಯಾಂಡ್ ವೆಜ್‌ನ ಚಿಪ್ ಹೆಚ್ಚುಕಡಿಮೆ ಹಾರಿದಷ್ಟೇ ದೂರ ಉರುಳಿದರೆ, ಪಿಚಿಂಗ್ ವೆಜ್‌ನದು ಸುಮಾರು ಎರಡು ಪಟ್ಟು, ಇನ್ನೂ ಕಡಿಮೆ ಓರೆಯ 8ನೇ ನಂಬರಿನ ಐರನ್‌ನದು ಮೂರು ನಾಲ್ಕು ಪಟ್ಟು ಉರುಳುತ್ತದೆ. ಇಳಿಜಾರಿಗೂ ಹುಲ್ಲಿನ ಮೇಲೆ ಚೆಂಡು ಓಡುವ ವೇಗಕ್ಕೂ ತಕ್ಕಂತೆ ಈ ಲೆಕ್ಕ ಬದಲಾಗುತ್ತದೆ.

ಪ್ರಶ್ನೆ: ಚಿಪ್ ಮಾಡುವಾಗ ಒಂದೇ ಬೀಸಿನಲ್ಲಿ ಕ್ಲಬ್ ಚೆಂಡಿಗೆ ಎರಡು ಬಾರಿ ತಾಗಿದರೆ ದಂಡವಿದೆಯೇ?

ಉತ್ತರ: ಅದು ಆಕಸ್ಮಿಕವಾಗಿದ್ದರೆ 2019ರಿಂದ ದಂಡವಿಲ್ಲ, ಒಂದೇ ಹೊಡೆತವೆಂದು ಲೆಕ್ಕ. ಅದಕ್ಕೆ ಮೊದಲು ಒಂದು ಹೊಡೆತದ ದಂಡವಿತ್ತು. 1985ರ ಯು.ಎಸ್. ಓಪನ್‌ನ ಕೊನೆಯ ಸುತ್ತಿನಲ್ಲಿ ಮುಂದಿದ್ದ ತೈವಾನ್‌ನ ಟಿ.ಸಿ. ಚೆನ್ ಐದನೇ ಹೋಲ್‌ನಲ್ಲಿ ದಟ್ಟ ಹುಲ್ಲಿನಿಂದ ಚಿಪ್ ಮಾಡುವಾಗ ಹೀಗೇ ಎರಡು ಬಾರಿ ತಾಗಿಸಿ ದಂಡ ತೆತ್ತರು, ಕೊನೆಗೆ ಪ್ರಶಸ್ತಿಯನ್ನು ಒಂದೇ ಹೊಡೆತದಿಂದ ಕಳೆದುಕೊಂಡರು.