11 ಅಲ್ಲ ಸ್ವಾಮಿ, 15 ಗಂಟೆ ಕಮ್ಮಿ!

ಈ ಸಲ ಪಶುವೈದ್ಯರ ಲೈಸೆನ್ಸ್ ರಿನ್ಯೂವಲ್ ಬಗ್ಗೆನೇ ಜಾಸ್ತಿ ಪತ್ರ ಬಂದಿವೆ, ಅದಕ್ಕೆ ನಾಯಿ ತುರಿಕೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಪ್ರಾಕ್ಟೀಸ್ ಮಾಡ್ತಿದೀನಿ. ರಿನ್ಯೂವಲ್‌ಗೆ ಇನ್ನು 18 ದಿನ ಇದೆ. 36 ಗಂಟೆ ಸಿಇ (ಕಂಟಿನ್ಯೂಯಿಂಗ್ ಎಜುಕೇಶನ್, ಅಂದ್ರೆ ಕೆಲಸದ ಜೊತೆಗೇ ಮಾಡ್ಬೇಕಾದ ಕಲಿಕೆ) ಬೇಕು, 25 ಆಗಿದೆ, ಅದ್ರಲ್ಲಿ 10 ಗಂಟೆ ರೆಕಾರ್ಡೆಡ್ ವಿಡಿಯೋ ನೋಡಿ ಮಾಡಿದ್ದು. ಉಳಿದ 11 ಗಂಟೆನೂ ರಾತ್ರಿ ಕೂತು ಹಂಗೇ ವಿಡಿಯೋ ನೋಡಿ ಮುಗಿಸ್ಬಿಡ್ಲಾ?

ಉತ್ತರ: ಮುಗಿಸ್ಬೇಡಿ, ಮೊದಲು ನಿಮ್ಮ ಲೆಕ್ಕನೇ ಸರಿ ಇಲ್ಲ. ಪಾಠ ಮಾಡೋರ ಜೊತೆ ಅಲ್ಲೇ ಆಗ್ಲೇ ಮಾತಾಡೋಕೆ, ಪ್ರಶ್ನೆ ಕೇಳೋಕೆ ಅವಕಾಶ ಇಲ್ದೆ ನೀವೊಬ್ರೇ ಕೂತು ಓದೋದು, ನೋಡೋದು, ಕೇಳೋದು ಇದೆಯಲ್ಲ, ಅದನ್ನ ಅಲ್ಲಿ ಸೆಲ್ಫ್ ಸ್ಟಡಿ ಅಂತಾರೆ, 36ರಲ್ಲಿ ಅದಕ್ಕೆ ಇರೋ ಜಾಗ 6 ಗಂಟೆ ಅಷ್ಟೇ. ಅಂದ್ರೆ ನಿಮ್ಮ 10ರಲ್ಲಿ 4 ಹೋಯ್ತು, ಕೈಯಲ್ಲಿರೋದು 21, ಕಮ್ಮಿ ಇರೋದು 15. ಆ 15 ಗಂಟೆನೂ ಲೈವ್ ಆಗ್ಬೇಕು, ಲೈವ್ ವೆಬಿನಾರ್ ಆದ್ರೂ ನಡೆಯತ್ತೆ, ಆದ್ರೆ ರೇಸ್ ಅನ್ನೋ ಅಪ್ರೂವಲ್ ಇದೆಯಾ ಅಂತ ನೋಡ್ಕೊಂಡು ದುಡ್ಡು ಕಟ್ಟಿ. ಅಮೆರಿಕದ ರಾಜ್ಯಗಳ ವೆಟರಿನರಿ ಬೋರ್ಡ್‌ಗಳೆಲ್ಲ ಸೇರ್ಕೊಂಡಿರೋ ಸಂಘದ್ದು ಅದು, ಕೋರ್ಸ್‌ಗೆ ಅದರ ನಂಬರ್ ಇದ್ರೆ ತಲೆನೋವು ಕಮ್ಮಿ. ಇನ್ನೊಂದು, ಆಂಟಿಬಯಾಟಿಕ್‌ನ ಜವಾಬ್ದಾರಿಯಿಂದ ಬಳಸೋ ಬಗ್ಗೆ ನಾಲ್ಕು ವರ್ಷಕ್ಕೆ ಒಂದು ಗಂಟೆ ಕಡ್ಡಾಯ, ಗಂಟೆ ಎಲ್ಲ ತುಂಬ್ಸಿ ಇದೊಂದನ್ನ ಮರೆಯೋರೇ ಜಾಸ್ತಿ.

ಸರ್ಟಿಫಿಕೇಟ್‌ಗಳನ್ನ ನಾಲ್ಕು ವರ್ಷ ಇಟ್ಕೋಬೇಕು ಅನ್ನೋದು ನಿಮಗೆ ಗೊತ್ತಿರತ್ತೆ, ಎಲ್ಲಿ ಇಟ್ಟಿದೀರ ಅನ್ನೋದು ಪ್ರಶ್ನೆ. ನಾನು ಎಲ್ಲಾನೂ ಕೆಲಸ ಮಾಡ್ತಿದ್ದ ಕ್ಲಿನಿಕ್‌ನ ಈಮೇಲ್‌ಗೆ ತರಿಸ್ಕೊಂಡಿದ್ದೆ, ಕೆಲಸ ಬಿಟ್ಟ ವಾರಕ್ಕೇ ಆ ಈಮೇಲ್ ಮುಚ್ಚಿದ್ರು, ಏಳು ತಿಂಗಳಾದ್ಮೇಲೆ ಸರ್ಟಿಫಿಕೇಟ್ ತೋರ್ಸಿ ಅಂತ ಬೋರ್ಡ್‌ನಿಂದ ಆಡಿಟ್ ಕಾಗದ ಬಂತು. ಒಂಬತ್ತು ಕೋರ್ಸ್‌ನೋರಿಗೆ ಒಬ್ಬೊಬ್ರಿಗೂ ಬರೆದು, ಬೇಡ್ಕೊಂಡು, ಡೂಪ್ಲಿಕೇಟ್ ತರಿಸೋ ಹೊತ್ತಿಗೆ ಆ ಕೋರ್ಸ್‌ಗಳನ್ನ ಇನ್ನೊಂದ್ಸಲ ಮಾಡಿದ್ರೇ ಬೇಗ ಆಗ್ತಿತ್ತೇನೋ ಅನ್ನಿಸ್ಬಿಟ್ಟಿತ್ತು.

ಹದಿನೆಂಟು ದಿನದಲ್ಲಿ ಆಗ್ಲೇ ಇಲ್ಲ ಅಂದ್ರೆ? ಫಾರ್ಮ್‌ನಲ್ಲಿ ಸುಮ್ನೆ ‘ಮುಗಿದಿದೆ’ ಅಂತ ಟಿಕ್ ಮಾತ್ರ ಹಾಕ್ಬೇಡಿ. ಗಂಟೆ ಕಮ್ಮಿ ಆಗೋದು ಒಂದು ತೊಂದರೆ, ಸುಳ್ಳು ಬರೆದು ಸಿಕ್ಕಿಬೀಳೋದು ಲೈಸೆನ್ಸಿನ ಬುಡಕ್ಕೇ ಬರೋ ತೊಂದರೆ. ಬೋರ್ಡ್‌ಗೆ ಮೊದಲೇ ಫೋನ್ ಮಾಡಿ.

ಪ್ರಶ್ನೆ: 22 ವರ್ಷದ ಸರ್ವೀಸ್ ನಂದು. ದಿನಾ ಕೇಸ್ ನೋಡೋನಿಗೆ ಮತ್ತೆ ಕ್ಲಾಸ್‌ರೂಮ್ ಯಾಕೆ? ಇದೆಲ್ಲ ಕೋರ್ಸ್ ಮಾರೋರ ಬಿಸಿನೆಸ್ ಅಷ್ಟೇ ಅಲ್ವಾ?

ಉತ್ತರ: ಬಿಸಿನೆಸ್ ಇದೆ, ಇಲ್ಲ ಅನ್ನಲ್ಲ. ಅರ್ಧ ನಿದ್ದೇಲಿ ಕೂತು ಕೊನೇಗೆ ಸಹಿ ಹಾಕಿ ಬಂದಿರೋ ಸೆಮಿನಾರ್‌ಗಳು ನನ್ನ ಲೆಕ್ಕದಲ್ಲೂ ಇವೆ. ಆದ್ರೆ ಒಂದು ಕೇಳ್ತೀನಿ. ಎರಡು ವರ್ಷದ ಬೆಕ್ಕು, ಹೊಟ್ಟೆ ಉಬ್ಬಿದೆ, ಬೆನ್ನೆಲುಬು ಕೈಗೆ ಸಿಗ್ತಿದೆ, ಜ್ವರ ಯಾವ ಆಂಟಿಬಯಾಟಿಕ್‌ಗೂ ಬಗ್ತಿಲ್ಲ, ಸೂಜಿ ಹಾಕಿದ್ರೆ ಹಳದಿ ಬಣ್ಣದ, ಬೆರಳಿಗೆ ಅಂಟೋ ನೀರು ಬರತ್ತೆ. ಎಫ್‌ಐಪಿ, ಬೆಕ್ಕುಗಳಿಗೆ ಕೊರೊನಾವೈರಸ್‌ನಿಂದ ಬರೋ ಕಾಯಿಲೆ. ನೀವೂ ನಾನೂ ಕಾಲೇಜಲ್ಲಿ ಓದಿದ್ದೇನು? ಗ್ಯಾರಂಟಿ ಸಾವು, ಓನರ್‌ನ ಕೂರಿಸ್ಕೊಂಡು ಮೆತ್ತಗೆ ಹೇಳಿ, ಅಷ್ಟೇ. ನಾನೂ ಎಷ್ಟು ಜನಕ್ಕೆ ಹಂಗೆ ಹೇಳಿದೀನೋ.

2019ರಲ್ಲಿ ಇದೇ ಎಫ್‌ಐಪಿಗೆ ಜಿಎಸ್-441524 ಅನ್ನೋ ಔಷಧಿಯ ಟ್ರಯಲ್ ಪ್ರಕಟ ಆಯ್ತು, 31 ಬೆಕ್ಕುಗಳಲ್ಲಿ 26 ಬೆಕ್ಕು 12 ವಾರದ ಕೋರ್ಸ್ ಪೂರ್ತಿ ಮುಗಿಸಿದ್ವು, ಬಹುತೇಕ ಎಲ್ಲವೂ ಬದುಕಿದ್ವು. 2024ರ ಜೂನ್‌ನಿಂದ ಅಮೆರಿಕದಲ್ಲಿ ವೈದ್ಯರ ಚೀಟಿ ಮೇಲೆ ಕಾಂಪೌಂಡಿಂಗ್ ಫಾರ್ಮಸಿಯಿಂದ್ಲೇ (ಚೀಟಿ ನೋಡಿ ಔಷಧಿ ತಯಾರಿಸಿ ಕೊಡೋ ಅಂಗಡಿ) ಸಿಗ್ತಿದೆ. ಇದು ಗೊತ್ತಿಲ್ದೇ ಇರೋ ಡಾಕ್ಟ್ರು ಎಷ್ಟೇ ಅನುಭವಸ್ಥರಾಗಿರ್ಲಿ, ಬದುಕಬಹುದಾದ ಬೆಕ್ಕಿಗೆ ಯುಥನೇಶಿಯಾ ಇಂಜೆಕ್ಷನ್ ತುಂಬ್ತಾ ಕೂತಿರ್ತಾರೆ, ಅದೂ ತುಂಬಾ ಕರುಣೆಯಿಂದ್ಲೇ. 22 ವರ್ಷದ ಅನುಭವ ನೋಡಿದ್ದನ್ನ ಕಲಿಸತ್ತೆ, ನೋಡದೇ ಇರೋದನ್ನ ಎಲ್ಲಿಂದ ಕಲಿಸತ್ತೆ ಹೇಳಿ.

ಸಿಪಿಆರ್ ಕೂಡ ಹಂಗೇ. ನಾಯಿ ಬೆಕ್ಕುಗಳ ಸಿಪಿಆರ್‌ಗೆ ಅಂತಲೇ ಇರೋ ರಿಕವರ್ ಗೈಡ್‌ಲೈನ್ಸ್ ಮೊದಲು ಬಂದಿದ್ದು 2012ರಲ್ಲಿ, 2024ರಲ್ಲಿ ಬದಲಾಯ್ತು, ನಿಂತ ಹೃದಯಕ್ಕೆ ಕೊಡೋ ಎಪಿನೆಫ್ರಿನ್ ಹೈ ಡೋಸ್‌ನಲ್ಲಿ ಇನ್ನು ಬೇಡ ಅಂತ ತೆಗೆದ್ರು. ನಿಮ್ಮ ಕ್ರ್ಯಾಶ್ ಕಾರ್ಟ್ (ಎಮರ್ಜೆನ್ಸಿ ಔಷಧಿ ಗಾಡಿ) ಮೇಲೆ ಅಂಟಿಸಿರೋ ಡೋಸ್ ಚಾರ್ಟ್ ಯಾವ ವರ್ಷದ್ದು, ಇವತ್ತೇ ಹೋಗಿ ನೋಡಿ.

ಪ್ರಶ್ನೆ: ಇಂಗ್ಲೆಂಡ್‌ನಲ್ಲಿ ವೆಟ್ ಆಗಿದೀನಿ, ಹೆರಿಗೆ ರಜೆಗೆ ಹೋಗ್ತಿದೀನಿ. ವರ್ಷಕ್ಕೆ 35 ಗಂಟೆ ಸಿಪಿಡಿ (ಇಲ್ಲಿ ಸಿಇಗೆ ಹೀಗಂತಾರೆ) ಎಲ್ಲಿಂದ ತರ್ಲಿ?

ಉತ್ತರ: ಮೊದಲು ಅಭಿನಂದನೆ. ನಿಮ್ಮಲ್ಲಿ ವೆಟ್‌ಗಳನ್ನ ನೋಂದಾಯಿಸ್ಕೊಳ್ಳೋ ರಾಯಲ್ ಕಾಲೇಜ್‌ನೋರು ಇಂಥದ್ದಕ್ಕೆ ಆರು ತಿಂಗಳವರೆಗೆ ಸಿಪಿಡಿಗೆ ವಿರಾಮ ಕೊಡ್ತಾರೆ, ಕೇಳ್ಕೊಳ್ಳಿ. ಉಳಿದಿದ್ದಕ್ಕೆ ಕಾನ್ಫರೆನ್ಸ್‌ಗೇ ಓಡ್ಬೇಕು ಅಂತಿಲ್ಲ, ನಿಮ್ಮಲ್ಲಿ ಜರ್ನಲ್ ಓದಿದ್ದು, ಸಹೋದ್ಯೋಗಿ ಜೊತೆ ಕಷ್ಟದ ಕೇಸ್ ಚರ್ಚೆ ಮಾಡಿದ್ದು ಕೂಡ ಲೆಕ್ಕಕ್ಕೆ ಬರತ್ತೆ. ಆದ್ರೆ 2022ರಿಂದ, ಕಲಿತಿದ್ದರಿಂದ ನಿಮ್ಮ ಕೆಲಸದಲ್ಲಿ ಏನು ಬದಲಾಯ್ತು ಅಂತ ನಾಲ್ಕು ಸಾಲು ಬರೆಯೋದು ಕಡ್ಡಾಯ. ಮೇಲಿನ ಪ್ರಶ್ನೆಯ ಸರ್‌ಗೆ ಈ ಪದ್ಧತಿ ಹಿಡಿಸ್ಬಹುದು, ನನಗಂತೂ ಬರೀ ಗಂಟೆ ಎಣಿಸೋದಕ್ಕಿಂತ ಇದೇ ವಾಸಿ ಅನ್ಸತ್ತೆ. ಅವತ್ತಿಂದವತ್ತೇ ಬರೆದುಬಿಡಿ, ಡಿಸೆಂಬರ್‌ನಲ್ಲಿ ನೆನಪಿಸ್ಕೊಂಡು ಬರೆದ್ರೆ ಬರೀ ಕಥೆ ಆಗತ್ತೆ.

ಪ್ರಶ್ನೆ: ನಾನು ವೈದ್ಯ ಅಲ್ಲ, ನಾಯಿ ಸಾಕಿದೀನಿ. ನಮ್ಮ ಡಾಕ್ಟ್ರು ಇದೆಲ್ಲ ಮಾಡ್ತಾರಾ ಅಂತ ತಿಳ್ಕೊಳ್ಳೋದು ಹೆಂಗೆ?

ಉತ್ತರ: ಲೈಸೆನ್ಸ್ ಚಾಲ್ತಿಲಿದೆಯಾ ಅಂತ ಎಷ್ಟೋ ಬೋರ್ಡ್‌ಗಳ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದ್ರೆ ಸಿಗತ್ತೆ. ಏನು ಕಲಿತ್ರು ಅನ್ನೋದು ಅಲ್ಲಿ ಕಾಣ್ಸಲ್ಲ. ಅದಕ್ಕೆ ನೇರವಾಗಿ ಕೇಳಿ, ‘ಡಾಕ್ಟ್ರೇ, ಈ ಕಾಯಿಲೆಗೆ ಈಚೆಗೆ ಏನಾದ್ರೂ ಹೊಸದು ಬಂದಿದೆಯಾ?’ ಅಂತ. ‘ಇರಿ, ನೋಡಿ ಹೇಳ್ತೀನಿ’ ಅಂದ್ರೆ ಗಾಬರಿ ಆಗ್ಬೇಡಿ, ಒಳ್ಳೆ ಡಾಕ್ಟ್ರು ಸಿಕ್ಕಿದಾರೆ. ಸಿಡಿಮಿಡಿ ಅಂದ್ರೆ ಮಾತ್ರ ಸ್ವಲ್ಪ ಯೋಚನೆ ಮಾಡಿ.