ತಾಂಜಾನಿಯಾಕ್ಕೆ ಮಿಷನ್ ಸೇವೆಗೆ ಹೋಗುವ ನರ್ಸ್ ಸಿಸ್ಟರ್ ಮೊದಲ ವರ್ಷ ಹೇಗೆ ಹೊಂದಿಕೊಳ್ಳಬೇಕು?

ನರ್ಸಿಂಗ್ ಮುಗಿಸಿದ ಸಿಸ್ಟರ್ ನೀವು. ನಿಮ್ಮ ಸಂಸ್ಥೆ ತಾಂಜಾನಿಯಾದ ಮ್ವಾಂಜಾ ಕಡೆಯ ಒಂದು ಡಿಸ್ಪೆನ್ಸರಿಗೆ ಕಳಿಸುತ್ತಿದೆ. ಭಾಷೆ, ಊಟ, ಮಲೇರಿಯಾ, ಒಂಟಿತನ ಎಲ್ಲಕ್ಕೂ ಭಯ, ಮೊದಲ ವರ್ಷ ಹೇಗೆ ಕಳೆಯಲಿ ಅಂತ ಕೇಳಿದ್ದೀರಿ. ನಾನೂ ಸಿಸ್ಟರ್, ನರ್ಸ್, ಹಾಸನ ಕಡೆಯವಳು. ಅದೇ ವಿಕ್ಟೋರಿಯಾ ಸರೋವರದ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದೇನೆ. ನಿಜವಾಗಿ ಕಾಡುವ ಸಂಗತಿ ನಿಮ್ಮ ಪಟ್ಟಿಯಲ್ಲೇ ಇಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಿಮ್ಮನ್ನು ನೋಡಿದ ಕೂಡಲೇ ಮಕ್ಕಳು 'ಮುಹಿಂದಿ' ಅಂತ ಕೂಗುತ್ತಾರೆ. ಬೈಗುಳ ಏನಲ್ಲ, ಇಂಡಿಯಾದವರು ಅಂತ ಅಷ್ಟೇ. ಆದರೆ ಪೂರ್ವ ಆಫ್ರಿಕಾದಲ್ಲಿ ಇಂಡಿಯಾದವರು ಅಂದರೆ ತಲೆಮಾರುಗಳಿಂದ ವ್ಯಾಪಾರಸ್ಥರು. ಹೆಚ್ಚಿನವರು ಗುಜರಾತ್ ಮೂಲದವರು. ಬಟ್ಟೆ ಅಂಗಡಿ, ಹಾರ್ಡ್‌ವೇರ್, ಹತ್ತಿ ವ್ಯಾಪಾರ ಅವರ ಕೈಯಲ್ಲಿತ್ತು. ಬಿಳಿಯರನ್ನು ಕಂಡರೆ ಮಿಷನ್‌ನವರು ಇರಬಹುದು ಅನ್ನುವ ಜನ, ನಮ್ಮನ್ನು ಕಂಡರೆ ಅಂಗಡಿ ಯಜಮಾನರ ಮನೆಯವರು ಅಂದುಕೊಳ್ಳುತ್ತಾರೆ. ಕೊರಳಲ್ಲಿ ಶಿಲುಬೆ ಇದ್ದರೂ ಅಷ್ಟೇ. ಸಂತೆಯಲ್ಲಿ ಬೆಲೆ ಜಾಸ್ತಿ ಹೇಳುತ್ತಾರೆ. ಸಾಲ ಕೇಳುತ್ತಾರೆ. ಮರ್ಯಾದೆ ಕೊಡುತ್ತಾರೆ, ಆದರೆ ಒಂದಿಷ್ಟು ದೂರ ನಿಂತು ಕೊಡುತ್ತಾರೆ. ಇದಕ್ಕೆ ಹೊರಡುವ ಮೊದಲು ಯಾರೂ ತಯಾರಿ ಮಾಡಿಸುವುದಿಲ್ಲ.

ಆ ದೂರ ಕಡಿಮೆಯಾಗುವುದು ಚರ್ಚಿನಲ್ಲೂ ಅಲ್ಲ, ಡಿಸ್ಪೆನ್ಸರಿಯಲ್ಲೂ ಅಲ್ಲ. ಜುಮುಇಯಾದಲ್ಲಿ. ಅಕ್ಕಪಕ್ಕದ ಹತ್ತು ಹದಿನೈದು ಮನೆಗಳ ಕ್ರೈಸ್ತರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರುವ ಗುಂಪು ಅದು. ಇಂಥ ಚಿಕ್ಕ ಗುಂಪುಗಳನ್ನು ಕಟ್ಟುವುದೇ ಮುಖ್ಯ ಕೆಲಸ ಅಂತ ಪೂರ್ವ ಆಫ್ರಿಕಾದ ಬಿಷಪ್‌ಗಳು 1970ರ ದಶಕದಲ್ಲೇ ತೀರ್ಮಾನಿಸಿದ್ದರು. ಚಾಪೆ ಮೇಲೆ ಕೂರುತ್ತಾರೆ, ಜಪಸರ ಹೇಳುತ್ತಾರೆ, ಸುವಾರ್ತೆ ಓದಿ ಮಾತಾಡುತ್ತಾರೆ. ಆಮೇಲೆ ಅಸಲಿ ವಿಷಯ ಬರುತ್ತದೆ. ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಸಾವು, ಎಷ್ಟು ಹಣ ಎತ್ತಬೇಕು, ಸೌದೆ ಯಾರು ತರಬೇಕು. ಕಾನ್ವೆಂಟಿನ ಹೆಸರನ್ನೂ ಗುಂಪಿನ ಲೆಕ್ಕದ ನೋಟ್‌ಬುಕ್ಕಿನಲ್ಲಿ ಬರೆಸಿ. ಎಲ್ಲರೂ ಕೊಡುವಷ್ಟೇ ಕೊಡಿ. ಜಾಸ್ತಿ ಕೊಟ್ಟಿರೋ, ಮತ್ತೆ ಅಂಗಡಿ ಯಜಮಾನರ ಮನೆಯವರೇ ಆದಿರಿ.

ನನಗೆ ಇದು ಗೊತ್ತಾಗಿದ್ದು ಒಂದು ಸಾವಿನ ಮನೆಯಲ್ಲಿ. ಅಲ್ಲಿ ನೆರೆಯ ಹೆಂಗಸರು ಸೊಂಟಕ್ಕೆ ಕಾಂಗಾ ಬಟ್ಟೆ ಸುತ್ತಿಕೊಂಡು ಬಂದು, ದಿನಗಟ್ಟಲೆ ಅಂಗಳದಲ್ಲೇ ಅಡುಗೆ ಮಾಡುತ್ತಾರೆ. ನಾನೂ ಹಿಟ್ಟು ಹೊತ್ತುಕೊಂಡು ಹೋಗಿದ್ದೆ. ಮೂರು ಕಲ್ಲಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಉಗಾಲಿ ಬೇಯುತ್ತಿತ್ತು. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಒಬ್ಬ ಅಜ್ಜಿ, ಈ ಮುಹಿಂದಿ ಏನು ಮಾಡುತ್ತಾಳೆ ನೋಡೋಣ ಅನ್ನುವ ಹಾಗೆ, ಮೊಳದುದ್ದದ ಮರದ ಸೌಟನ್ನು ನನ್ನ ಕೈಗೆ ಕೊಟ್ಟರು. ಹಾಸನದ ಹುಡುಗಿಗೆ ಮುದ್ದೆ ಕೋಲು ಹಿಡಿಯುವುದು ಯಾರಾದರೂ ಕಲಿಸಬೇಕಾ? ಪಾತ್ರೆ ಅಲುಗದಂತೆ ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ತಿರುವಿದೆ. ಸಾವಿನ ಮನೆ ಅನ್ನೋದನ್ನೂ ಮರೆತು ಹೆಂಗಸರು ನಕ್ಕರು. ಮಾರನೇ ವಾರ ಸೊಪ್ಪು ಮಾರುವವಳು ಎಲ್ಲರಿಗೂ ಹೇಳುವ ಬೆಲೆಯನ್ನೇ ನನಗೂ ಹೇಳಿದಳು. (ಊಟದ ಭಯಕ್ಕೂ ಉತ್ತರ ಇದರಲ್ಲೇ ಸಿಕ್ಕಿತಲ್ವಾ? ಉಗಾಲಿಯನ್ನು ಮಾತ್ರ ರಾಗಿಮುದ್ದೆಯ ಹಾಗೆ ನುಂಗಬೇಡಿ, ಅಗಿದು ತಿನ್ನಬೇಕು. ಜೊತೆಗೆ ದಂಟಿನ ಸೊಪ್ಪು, ಇಲ್ಲದಿದ್ದರೆ ಸರೋವರದ ದಗಾ ಅನ್ನುವ ಸಣ್ಣ ಒಣಮೀನು.)

ಇನ್ನೊಂದು ಮಾತು. ಖಾಲಿ ಜಾಗಕ್ಕೆ ದೇವರನ್ನು ಹೊತ್ತುಕೊಂಡು ಹೋಗುತ್ತಿದ್ದೇವೆ ಅನ್ನುವ ಭಾವನೆ ಕೆಲವರಿಗೆ ಇರುತ್ತದೆ. ಅದು ತಪ್ಪು. ತಾಂಜಾನಿಯಾದ ಕರಾವಳಿಯ ಬಾಗಮೋಯೋದಲ್ಲಿ ಕ್ಯಾಥೊಲಿಕ್ ಮಿಷನ್ ಶುರುವಾಗಿದ್ದು 1868ರಲ್ಲೇ. ಆಫ್ರಿಕಾ ಮೂಲದ ಮೊದಲ ಕಾರ್ಡಿನಲ್ ಆದ ಲಾರಿಯನ್ ರುಗಂಬ್ವಾ ಇದೇ ಸರೋವರದ ಆಚೆ ದಡದ ಬುಕೋಬಾ ಕಡೆಯವರು, ಅದು 1960ರಲ್ಲಿ. ಈಗ ಬಿಷಪ್ ಅವರವರೇ, ಧರ್ಮಕೇಂದ್ರದ ಗುರುಗಳೂ ಅವರವರೇ. ನೀವು ಅವರ ಕೈಕೆಳಗೆ ಕೆಲಸ ಮಾಡುವವರು. ಮೊದಲ ವರ್ಷ ಹೊಸ ಯೋಜನೆ ಏನನ್ನೂ ಶುರು ಮಾಡಬೇಡಿ, ಕೈ ಎಷ್ಟೇ ತುರಿಸಿದರೂ.

ಭಾಷೆಗೆ ಅಷ್ಟು ಹೆದರಬೇಡಿ. ಸ್ವಾಹಿಲಿಯನ್ನು ಬರೆದ ಹಾಗೇ ಓದುತ್ತಾರೆ, ಉಚ್ಚಾರ ನಮಗೆ ಸಲೀಸು. ತೊಡಕು ವ್ಯಾಕರಣದಲ್ಲಿ. ಕನ್ನಡದಲ್ಲಿ ಪದದ ಬಾಲ ಬದಲಾದರೆ ಅಲ್ಲಿ ತಲೆ ಬದಲಾಗುತ್ತದೆ: ಒಂದು ಮಗು 'ಮ್ಟೋಟೋ', ಮಕ್ಕಳು 'ವಾಟೋಟೋ'. ಮುಸೋಮಾದ ಮಕೋಕೋ ಭಾಷಾ ಶಾಲೆಗೆ ಕಳಿಸಿ ಅಂತ ಹಟ ಹಿಡಿಯಿರಿ, ಸುಮ್ನೆ ಕೆಲಸ ಮಾಡ್ತಾ ಮಾಡ್ತಾ ಬರುತ್ತೆ ಅಂದರೆ ಒಪ್ಪಬೇಡಿ. ಅಂದ ಹಾಗೆ, ಸ್ವಾಹಿಲಿ ನಿಘಂಟು ಮಾಡಿದ ಕ್ರಾಫ್, ನಮ್ಮ ಕಿಟೆಲ್ ಇಬ್ಬರೂ ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲೇ ಓದಿದವರು. ಒಬ್ಬರ ನಿಘಂಟು 1882ರದ್ದು, ಇನ್ನೊಬ್ಬರದು 1894ರದ್ದು. ನನಗೆ ಬೇಜಾರಾದಾಗೆಲ್ಲ ಇದು ನೆನಪಾಗಿ ಸ್ವಲ್ಪ ಧೈರ್ಯ ಬರುತ್ತಿತ್ತು.

ಒಂದು ಎಚ್ಚರ. ಸ್ವಾಹಿಲಿ ಗಡಿಯಾರ ನಮ್ಮದಕ್ಕಿಂತ ಆರು ಗಂಟೆ ಹಿಂದೆ ಎಣಿಸುತ್ತದೆ. ಬೆಳಗಿನ ಏಳು ಅಂದರೆ ಅವರಿಗೆ ಒಂದು ಗಂಟೆ. ಮಲೇರಿಯಾಕ್ಕೆ ಕೊಡುವ ಆರ್ಟಿಮೆಥರ್-ಲ್ಯೂಮೆಫಾಂಟ್ರಿನ್ ಮಾತ್ರೆಯ ಎರಡನೇ ಡೋಸ್ ಮೊದಲಿನದು ಕೊಟ್ಟು ಎಂಟು ತಾಸು ಕಳೆದ ಮೇಲೆ ಬೀಳಬೇಕು, ನಿಮಗೆ ಗೊತ್ತೇ ಇದೆ. ಚೀಟಿಯಲ್ಲಿ ಬರೀ ಅಂಕಿ ಬರೆದರೆ ಸಾಲದು. ಬಾಯಲ್ಲಿ ಅವರ ಲೆಕ್ಕದಲ್ಲೇ ಹೇಳಿ, ವಾಪಸ್ ಹೇಳಿಸಿ. ಆ ಸೀಮೆಯ ಸುಕುಮಾ ಜನಾಂಗದ ವಯಸ್ಸಾದವರಿಗೆ ಸ್ವಾಹಿಲಿಯೂ ಅಷ್ಟಕ್ಕಷ್ಟೇ, ಅವರ ಜೊತೆ ಬಂದ ಮೊಮ್ಮಕ್ಕಳ ಸಹಾಯ ಬೇಕಾಗುತ್ತದೆ.

ನಿಮಗೇ ಜ್ವರ ಬಂದರೆ ಅವತ್ತೇ ಟೆಸ್ಟ್ ಮಾಡಿಸಿ, ಊರಿನ ನೆಗಡಿ ಜ್ವರ ಅಂತ ಕಾಯಬೇಡಿ. ಸೊಳ್ಳೆಪರದೆ ಕಡ್ಡಾಯ. ಸರೋವರದ ದಡದ ನೀರಿಗೆ ಕಾಲಿಡಬೇಡಿ, ಬಿಲ್ಹಾರ್ಜಿಯಾ ಇದೆ, ನೀರಿನಲ್ಲಿರುವ ಹುಳ ಚರ್ಮದ ಮೂಲಕ ಒಳಹೊಕ್ಕು ಬರುವ ರೋಗ.

ಒಂಟಿತನ ಹೆಚ್ಚಾಗಿ ಬರುವುದು ಕಾನ್ವೆಂಟಿನ ಒಳಗೇ. ನಮ್ಮ ಊಟದ ಮೇಜಿನಲ್ಲಿ ಕೇರಳದವರು, ಜಾರ್ಖಂಡಿನವರು, ತಾಂಜಾನಿಯಾದ ಯುವ ಸಿಸ್ಟರುಗಳು ಇದ್ದರು. ದಣಿದು ಬಂದಾಗ ಬಾಯಿಗೆ ತಾಯಿಭಾಷೆ ಬರುವುದು ಸಹಜ. ಆದರೆ ಇಬ್ಬರು ಮಲಯಾಳಂ ಶುರು ಮಾಡಿದರೆ, ಊರಿನ ಮಗಳೇ ಅವಳ ಊರಿನಲ್ಲಿ ಮೂಕಿಯಾಗಿ ಕೂರುತ್ತಾಳೆ. ಕನ್ನಡ ಬೇಕು ಅನ್ನಿಸಿದರೆ ಸಂಜೆ ಮನೆಗೆ ಫೋನ್ ಮಾಡಿ. ಇಂಡಿಯಾ ಎರಡೂವರೆ ಗಂಟೆ ಮುಂದಿದೆ, ಅವರು ಮಲಗುವ ಮೊದಲೇ ಮಾಡಿ. ಮೇಜಿನಲ್ಲಿ ಮಾತ್ರ ಸ್ವಾಹಿಲಿಯೇ ಇರಲಿ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಕೊನೆಗೆ ಕಾಗದಪತ್ರ. ಮಿಷನರಿಗಳಿಗೆ ಸಿಗುವುದು ಸಿ ವರ್ಗದ ವಾಸದ ಪರವಾನಗಿ, ಅದನ್ನು ಅಲ್ಲಿನ ಧರ್ಮಪ್ರಾಂತ್ಯವೋ ನಿಮ್ಮ ಸಂಸ್ಥೆಯೋ ಮಾಡಿಸುತ್ತದೆ. ನರ್ಸ್ ಕೆಲಸಕ್ಕೆ ತಾಂಜಾನಿಯಾದ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಬೇರೆಯೇ ಬೇಕು. ಇಂಡಿಯಾದ ನಿಮ್ಮ ನರ್ಸಿಂಗ್ ಕೌನ್ಸಿಲ್‌ನಿಂದ ಬೇಕಾಗುವ ಪತ್ರಗಳಿಗೆ ಟಿಕೆಟ್ ಬುಕ್ ಮಾಡುವ ಮೊದಲೇ ಅರ್ಜಿ ಹಾಕಿ. ನೋಂದಣಿ ಆಗುವವರೆಗೆ ಸಿರಿಂಜ್ ಮುಟ್ಟುವ ಹಾಗಿಲ್ಲ. ಮಕೋಕೋಗೆ ಹೋಗಲು ಅದಕ್ಕಿಂತ ಒಳ್ಳೆ ಸಮಯ ಸಿಗಲ್ಲ.