ಅವ್ವನ ಖಾನಾವಳಿಯಿಂದ ಹೋಟೆಲಿನ ಅಡುಗೆಮನೆಗೆ

ಪ್ರಶ್ನೆ: ನನಗೆ 21 ವರ್ಷ, ಊರು ಗಂಗಾವತಿ. ಬಿ.ಎ. ಮುಗಿದಿದೆ. ನಮ್ಮ ಅವ್ವ ಖಾನಾವಳಿ ನಡೆಸುತ್ತಾರೆ. ಪಿಯುಸಿ ದಿನಗಳಿಂದಲೂ ನಾನು ಅಲ್ಲಿ ರೊಟ್ಟಿ ಬಡಿಯುತ್ತ, ಪಲ್ಯ ಮಾಡುತ್ತ ಬಂದಿದ್ದೇನೆ. ದೊಡ್ಡ ರೆಸ್ಟೋರೆಂಟಿನಲ್ಲಿ ಶೆಫ್ ಆಗುವ ಆಸೆಯಿದೆ. ಅದಕ್ಕೆ ಮೂರು ವರ್ಷದ ಪದವಿ ಬೇಕೇ ಬೇಕೇ? ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ‘ನಮ್ಮ ಒಲೆ ಬಿಟ್ಟು ಮಂದಿಯ ಒಲೆ ಯಾಕೆ’ ಎನ್ನುವ ಅಪ್ಪನಿಗೆ ರಾತ್ರಿ ಪಾಳಿಯದೇ ದೊಡ್ಡ ಚಿಂತೆ.

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಅವ್ವ ಒಂದು ದಿನ ಊರಿನಲ್ಲಿ ಇಲ್ಲದಿದ್ದರೆ, ಅಂದಿನ ಎಣ್ಣೆಗಾಯಿಯ ರುಚಿ ಹಿಂದಿನ ದಿನದಂತೆಯೇ ಇರುತ್ತದೆಯೇ? ‘ಸ್ವಲ್ಪ ಬೇರೆ ಆಗುತ್ತದೆ’ ಎಂಬುದು ನಿಮ್ಮ ಉತ್ತರವಾದರೆ, ನೀವು ಕಲಿಯಬೇಕಾದದ್ದು ಅಲ್ಲಿಂದಲೇ ಶುರುವಾಗುತ್ತದೆ. ಕೈರುಚಿ ನಿಮಗೆ ಆಗಲೇ ಇದೆ. ರೆಸ್ಟೋರೆಂಟ್ ಸಂಬಳ ಕೊಡುವುದು ಅದೇ ರುಚಿಯನ್ನು ಯಾರು ಒಲೆಯ ಮುಂದೆ ನಿಂತರೂ, ಎಷ್ಟು ತಟ್ಟೆ ಹೋದರೂ, ಹೇಳಿದ ಹೊತ್ತಿಗೆ ತೆಗೆಯುವ ಕಸುಬಿಗೆ.

ಇದಕ್ಕೆ ಕೋರ್ಸ್ ಸೇರುವವರೆಗೆ ಕಾಯಬೇಕಿಲ್ಲ. ಗ್ರಾಂ ತೋರಿಸುವ ಒಂದು ಡಿಜಿಟಲ್ ತಕ್ಕಡಿ ತಂದು, ಅವ್ವನ ಶೇಂಗಾಪುಡಿಯ ಡಬ್ಬಿಯನ್ನು ಅಡುಗೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿ. ಗುರೆಳ್ಳು, ಖಾರ, ಹುಣಸೆ, ಎಣ್ಣೆಗಳನ್ನೂ ಹಾಗೆಯೇ ತೂಗಿ ಬರೆದಿಡಿ. ಅವರು ಎಂದಿನಂತೆ ಕೈಯಳತೆಯಲ್ಲೇ ಹಾಕಲಿ, ನಡುವೆ ಬಾಯಿ ಹಾಕಬೇಡಿ. ಮೂರು ದಿನದ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲಿ ಒಂದೇ ಇದೆ, ಎಲ್ಲಿ ಏರಿಳಿದಿದೆ ಎಂಬುದು ಕಾಣುತ್ತದೆ. ಬಳಿಕ ಆ ಚೀಟಿಯನ್ನೇ ನೋಡಿ ನೀವೊಬ್ಬರೇ ಹತ್ತು ತಟ್ಟೆಗೆ ಮಾಡಿ, ಅವ್ವನಿಗೆ ಬಡಿಸಿ. ಹೋಟೆಲಿನವರು ಪ್ರಮಾಣಿತ ರೆಸಿಪಿ ಎನ್ನುವುದು ಇದನ್ನೇ. ಒಂದು ತಟ್ಟೆಯ ಖರ್ಚು ಎಷ್ಟು ಬೀಳುತ್ತದೆ ಎಂಬ ಲೆಕ್ಕವೂ ಇದರಿಂದಲೇ ಹುಟ್ಟುತ್ತದೆ.

ಬದನೆಕಾಯಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ನನ್ನ ಮೊದಲ ಕೆಲಸದಲ್ಲಿ, ಗಾತ್ರ ನೋಡದೆ ಕೈಗೆ ಸಿಕ್ಕ ಕಾಯಿಗಳನ್ನೆಲ್ಲ ಸೀಳಿ ಒಂದೇ ಪಾತ್ರೆಗೆ ಹಾಕಿದ್ದೆ. ಸಣ್ಣವು ಕರಗಿ ಮುದ್ದೆಯಾದವು, ದೊಡ್ಡವುಗಳ ತೊಟ್ಟಿನ ಬಳಿ ಇನ್ನೂ ಹಸಿಯೇ ಇತ್ತು. ಹಿರಿಯ ಶೆಫ್ ಬೈಯಲಿಲ್ಲ. ಇಡೀ ಪಾತ್ರೆಯನ್ನು ನನ್ನ ಕೈಯಿಂದಲೇ ಕಸಕ್ಕೆ ಸುರಿಸಿದರು. ತರಕಾರಿಯನ್ನು ಒಂದೇ ಅಳತೆಗೆ ಹೆಚ್ಚಬೇಕೆಂದು ಅಡುಗೆ ಶಾಲೆಗಳು ಹಟ ಹಿಡಿಯುವುದು ಚೆಂದಕ್ಕಿಂತ ಹೆಚ್ಚಾಗಿ ಒಂದೇ ಹೊತ್ತಿಗೆ ಬೇಯಲಿ ಎಂಬುದಕ್ಕೆ.

ಶಾಲೆಯಿಂದ ಸಿಗುವ ಇನ್ನೊಂದು ಲಾಭವೆಂದರೆ ‘ಯಾಕೆ’ ಎಂಬುದಕ್ಕೆ ಉತ್ತರ. ರೊಟ್ಟಿಯ ಹಿಟ್ಟಿಗೆ ಕುದಿಯುವ ಎಸರೇ ಬೇಕೆಂದು ನಿಮಗೆ ಗೊತ್ತು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲದಿರುವುದರಿಂದ, ಬಿಸಿನೀರಿನಲ್ಲಿ ಉಬ್ಬಿದ ಪಿಷ್ಟವೇ ಹಿಟ್ಟಿಗೆ ಜಿಗಿ ಕೊಟ್ಟು, ಬಡಿಯುವಾಗ ರೊಟ್ಟಿ ಹರಿಯದಂತೆ ಹಿಡಿದಿಡುತ್ತದೆ. ಇದು ತಿಳಿದವರಿಗೆ ಮುಂದೆ ವೈಟ್ ಸಾಸ್ ಗಂಟು ಕಟ್ಟಿದಾಗ ದಿಕ್ಕು ತಪ್ಪುವುದಿಲ್ಲ, ಏಕೆಂದರೆ ಅಲ್ಲಿ ಸಾಸನ್ನು ಗಟ್ಟಿ ಮಾಡುವುದೂ ಪಿಷ್ಟವೇ.

ಖಾನಾವಳಿಯ ಒಂದು ರೂಢಿಯನ್ನು ಮಾತ್ರ ನೀವು ಬಿಡಲೇಬೇಕಾಗಬಹುದು: ಉಳಿದ ಅನ್ನವನ್ನು ಆಳವಾದ ಬೋಗುಣಿಯಲ್ಲಿ ಮುಚ್ಚಿ ಬೆಳಗಿನವರೆಗೆ ಹೊರಗೇ ಇಡುವುದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅನ್ನದಲ್ಲಿ ಬೇಯಿಸಿದರೂ ಉಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಹುಟ್ಟಿಸುವ ಒಂದು ವಿಷವು ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ, ಫ್ರಿಜ್‌ಗೆ ಸೇರಿಸಬೇಕು. ನಮ್ಮ ಭಾಗದ ಬೇಸಿಗೆಯಲ್ಲಂತೂ ಇದರಲ್ಲಿ ಸಡಿಲ ಬಿಡುವಂತಿಲ್ಲ.

ಇನ್ನು ಓದಿನ ಮಾತು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್‌ನಂತಹ ಸಂಸ್ಥೆಗಳ ಮೂರು ವರ್ಷದ ಪದವಿಯಲ್ಲಿ ಅಡುಗೆಯ ಜೊತೆಗೆ ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್ ಎಲ್ಲವೂ ಇರುತ್ತವೆ. ಒಂದು ಪದವಿ ಕೈಯಲ್ಲಿರುವ, ಒಲೆಯ ಬಿಸಿ ಕಂಡಿರುವ ನೀವು ಮತ್ತೆ ಮೂರು ವರ್ಷ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಐಟಿಐನಲ್ಲಿ ‘ಫುಡ್ ಪ್ರೊಡಕ್ಷನ್ ಜನರಲ್’ ಎಂಬ ಒಂದು ವರ್ಷದ ಟ್ರೇಡ್ ಇದ್ದು, ಅದಕ್ಕೆ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಅದಾದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಹೋಟೆಲಿನಲ್ಲೇ ಕಲಿಯಬಹುದು. ಆ ಟ್ರೇಡ್ ಯಾವ ಊರಿನಲ್ಲಿದೆ ಎಂದು ಹತ್ತಿರದ ಸರ್ಕಾರಿ ಐಟಿಐನಲ್ಲಿ ವಿಚಾರಿಸಿ. ಖಾಸಗಿ ಡಿಪ್ಲೊಮಾ ಸೇರುವುದಾದರೆ ಹಣ ಕಟ್ಟುವ ಮೊದಲು ಅಡುಗೆಮನೆಯನ್ನು ಕಣ್ಣಾರೆ ನೋಡಿ: ಪ್ರತಿಯೊಬ್ಬರಿಗೂ ಒಂದು ಒಲೆ ಇದೆಯೋ, ಒಬ್ಬರು ಮಾಡಿ ಇಪ್ಪತ್ತು ಜನ ನೋಡುತ್ತಾರೋ?

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಆರ್ಡರ್ ಬರುವ ಚೀಟಿ, ಅಂದರೆ ಕೆಒಟಿ, ಓದಲು ಬಂದರೆ ಮೊದಲ ವರ್ಷ ಸಾಗುತ್ತದೆ.

ಅಪ್ಪನ ಚಿಂತೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ರೆಸ್ಟೋರೆಂಟಿನ ನಿಜವಾದ ಕೆಲಸವಿರುವುದೇ ರಾತ್ರಿಯ ಊಟದ ಹೊತ್ತಿನಲ್ಲಿ. ಪಾಳಿ ಮುಗಿಯುವಾಗ ಹನ್ನೊಂದಾಗುವುದು ಮಾಮೂಲು. ಹೊಸಪೇಟೆಯಲ್ಲಾಗಲಿ ಬಳ್ಳಾರಿಯಲ್ಲಾಗಲಿ ಕೆಲಸ ಕೇಳಲು ಹೋಗುವ ದಿನ ಅಪ್ಪನನ್ನೂ ಕರೆದುಕೊಂಡು ಹೋಗಿ. ಪಾಳಿ ಮುಗಿದ ಮೇಲೆ ವಾಹನ ಉಂಟೇ, ಹೆಣ್ಣುಮಕ್ಕಳಿಗೆ ಉಳಿಯಲು ಕೊಠಡಿ ಉಂಟೇ ಎಂದು ಅವರೇ ಕೇಳಲಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದರ ಸದಸ್ಯರು ಯಾರೆಂದು ಕೇಳಿದಾಗ ಮ್ಯಾನೇಜರ್ ತಡವರಿಸಿದರೆ ಬೇರೆ ಹೋಟೆಲ್ ನೋಡಿ.

ನೀವು ಕೇಳಬೇಕಾದದ್ದು ಇನ್ನೊಂದಿದೆ. ಹುಡುಗಿಯರನ್ನು ಕೇಕ್, ಸಲಾಡ್ ವಿಭಾಗದಲ್ಲೇ ವರ್ಷಗಟ್ಟಲೆ ಕೂರಿಸುವ ಅಡುಗೆಮನೆಗಳನ್ನು ನಾನು ಕಂಡಿದ್ದೇನೆ. ಕಮೀ, ಅಂದರೆ ಕೆಳಗಿನ ಮೆಟ್ಟಿಲಿನ ಅಡುಗೆಯವಳಾಗಿ ಸೇರುವಾಗಲೇ, ದೊಡ್ಡ ಒಲೆಗಳ ಬಳಿಗೆ ನನ್ನನ್ನು ಎಷ್ಟನೆಯ ತಿಂಗಳಿಗೆ ಕಳುಹಿಸುತ್ತೀರಿ ಎಂದು ಕೇಳಿ, ಅವರು ಹೇಳಿದ ತಿಂಗಳನ್ನು ಕೆಲಸದ ಪತ್ರದಲ್ಲಿ ಬರೆಸಿಕೊಳ್ಳಿ.